ಊಟ ಆಯಿತಾ ಎಂದ ಗಣಕಯಂತ್ರ

ಅಡ್ಯಾರಿನಲ್ಲಿ ನೆಲೆಸಿದ ನಮ್ಮ ಹಿರಿಯರಿಗೆ ಗಣಕಯಂತ್ರವೆಂದರೆ ಬಹುಕಾಲ ಐ.ಐ.ಟಿ. ಆವರಣದೊಳಗಿನ ಸಂಗತಿಯಾಗಿತ್ತು. ಅಲ್ಲಿಗೆ 1973ರಲ್ಲಿ ಐ.ಬಿ.ಎಂ. 370/155 ಯಂತ್ರ ಬಂತು. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಉತ್ತರ ಕಾಗದದ ಮೇಲೆ ಅಚ್ಚಾಗಿ ಬರುವವರೆಗೆ ಕಾಯಬೇಕು. ಅಂಥ ಯಂತ್ರದೊಡನೆ ಕೀಟಲೆ ಹೇಗೆ ಸಾಧ್ಯ? ಕೀಟಲೆಗೆ ಉತ್ತರ ಆ ಕ್ಷಣವೇ ಬರಬೇಕು.

ಹಾಗೆ ಉತ್ತರ ಕೊಟ್ಟವು ಮನೆಬಳಕೆಗೆಂದು ಮಾಡಿದ ಪುಟ್ಟ ಯಂತ್ರಗಳು. ಇಂಗ್ಲೆಂಡಿನಲ್ಲಿ 1981ರಲ್ಲಿ ಬಿ.ಬಿ.ಸಿ. ಮೈಕ್ರೊ, ಮರುವರ್ಷ ಸ್ಪೆಕ್ಟ್ರಂ ಹೊರಬಂದವು. ಸ್ವಿಚ್ ಹಾಕಿದೊಡನೆ ಬೇಸಿಕ್ ಭಾಷೆ ಸಿದ್ಧ. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಅಲ್ಲಿನ ಹುಡುಗರು ಎರಡೇ ಸಾಲು ಬರೆದು ಪರಾರಿಯಾಗುತ್ತಿದ್ದರು. 10ನೆಯ ಸಾಲು ಒಂದು ಮಾತನ್ನು ತೋರಿಸು ಎನ್ನುತ್ತದೆ. 20ನೆಯದು ಮತ್ತೆ 10ಕ್ಕೆ ಹೋಗು ಎನ್ನುತ್ತದೆ. ಯಾರಾದರೂ ನಿಲ್ಲಿಸುವ ತನಕ ಪರದೆಯ ತುಂಬ ಅದೇ ಮಾತು.

ನಮ್ಮ ಕೇಂದ್ರ ಸರ್ಕಾರ 1984-85ರಲ್ಲಿ 'ಕ್ಲಾಸ್' ಎಂಬ ಯೋಜನೆ ಹೂಡಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಇದೇ ಬಿ.ಬಿ.ಸಿ. ಮೈಕ್ರೊ ಕೊಡಿಸಿತು. ನಾನು ಓದುತ್ತಿದ್ದ ಶಾಲೆಗೂ ಎರಡು ಬಂದವು. ಒಂದು ಯಂತ್ರಕ್ಕೆ ಆರು ಹುಡುಗರು, ವಾರಕ್ಕೊಂದು ಪಾಳಿ, ಚಪ್ಪಲಿ ಬಾಗಿಲಾಚೆ. ದೇವರ ಕೋಣೆಗೂ ನಾವು ಅಷ್ಟು ಮಡಿಯಿಂದ ಹೋಗಿದ್ದಿಲ್ಲ.

ಆ ಯಂತ್ರಕ್ಕೆ ಕನ್ನಡ ಬಾರದು. (ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ.) ಆದರೆ ವಿ.ಡಿ.ಯು. 23 ಎಂಬ ಆಜ್ಞೆಯಿಂದ ಹೊಸ ಅಕ್ಷರ ಕಲಿಸಬಹುದಿತ್ತು. ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಎಡದಿಂದ ಬಲಕ್ಕೆ 128, 64, 32, 16, 8, 4, 2, 1 ಎಂದು ಅವುಗಳ ಬೆಲೆ. ತುಂಬಿದ ಚುಕ್ಕಿಗಳ ಬೆಲೆ ಕೂಡಿಸಿದರೆ ಆ ಸಾಲಿನ ಸಂಖ್ಯೆ; ಅಂಥ ಎಂಟು ಸಂಖ್ಯೆಗಳಿಗೆ ಒಂದು ಅಕ್ಷರ.

ಗ್ರಾಫ್ ಹಾಳೆಯಲ್ಲಿ ನಾನು ಬರೆದ 'ಊ' ಮೂರು ದಿನವಾದರೂ ಮುದ್ದೆಯಾಗಿಯೇ ಉಳಿದಾಗ ಅವ್ವ ಪೆನ್ಸಿಲ್ ಕಸಿದುಕೊಂಡಳು. ಧಾರವಾಡದವಳು, ಎಳೆ ಎಣಿಸಿ ಸೀರೆಯ ಮೇಲೆ ಗೋಪುರ, ತೇರು ಎತ್ತುವ ಕಸೂತಿಯ ಕೈ. "ಇದು ಕಸೂತೀನ ಅಲ್ಲೇನೋ ತಮ್ಮಾ" ಎಂದು ಒಂದೇ ಸಂಜೆಗೆ ಐದು ಅಕ್ಷರ ಮುಗಿಸಿದಳು. ನಮ್ಮ ಅಕ್ಷರ ಅಗಲ. ಒಂದಕ್ಕೆ ಎರಡೆರಡು ಚೌಕ, ಒಟ್ಟು ಎಂಬತ್ತು ಸಂಖ್ಯೆ. ಒತ್ತಕ್ಷರಕ್ಕೆ ಕೆಳಗೆ ಜಾಗವಿಲ್ಲದ್ದರಿಂದ 'ಆಯ್ತಾ' ಬಿಟ್ಟು 'ಊಟ ಆಯಿತಾ' ಎಂದಿಟ್ಟೆವು.

ಉಳಿದ ಕಿತಾಪತಿ ನನ್ನ ತಮಿಳು ಗೆಳೆಯನದು. ಪರದೆಯಲ್ಲಿ ಕಾಣುವುದು ಎಂದಿನ ಬಾಣದ ಗುರುತೇ, ಆದರೆ ನಕಲಿ. ಏನು ಟೈಪ್ ಮಾಡಿದರೂ ಉತ್ತರ 'ಊಟ ಆಯಿತಾ'. ಎಸ್ಕೇಪ್ ಒತ್ತಿದರೆ ಮತ್ತೆ ಮೊದಲಿಗೆ. ಬ್ರೇಕ್ ಒತ್ತಿದರೂ, ಅಳಿದ ಪ್ರೋಗ್ರಾಂ ಮರಳಿ ಬಂದು ತಾನೇ ಓಡುವಂತೆ ಹತ್ತನೆಯ ಕೀಲಿಗೆ ಆಜ್ಞೆ ಕಟ್ಟಿಟ್ಟಿದ್ದ.

ಟೀಚರ್ ಬಂದರು. ಗಣಿತ ಕಲಿಸುತ್ತಿದ್ದವರು, ಈ ಯಂತ್ರದ ಬಗ್ಗೆ ಕೆಲವೇ ದಿನ ತರಬೇತಿ ಪಡೆದಿದ್ದರು. ತಮ್ಮ ಹೆಸರು ಟೈಪ್ ಮಾಡಿದರು: ಊಟ ಆಯಿತಾ. ಎಸ್ಕೇಪ್: ಊಟ ಆಯಿತಾ. "ತೆಲುಗು, ತೆಲುಗು" ಎಂದು ಹಿಂದಿನಿಂದ ಯಾರೋ ಕೂಗಿದರು. ಟೀಚರ ಮುಖ ಬಿಳುಚಿತು. ಯಂತ್ರ ಕೆಟ್ಟಿತೆಂದು ಪ್ಲಗ್ ಕಿತ್ತರು.

ಕೋಣೆಗೆ ಬೀಗ ಬಿತ್ತು. ಮೆಕ್ಯಾನಿಕ್ ಬರಲು ಆರು ವಾರ ಹಿಡಿಯಿತು. ಬಂದವನು ಸ್ವಿಚ್ ಹಾಕಿದ, ಏನೂ ಆಗಿಲ್ಲವೆಂದು ಚಹಾ ಕುಡಿದು ಹೋದ. ಅಷ್ಟರಲ್ಲಿ ಟೀಚರ್ ಲಿಖಿತ ವಿವರಣೆ ಕೊಟ್ಟಾಗಿತ್ತು. ಗಣಕಯಂತ್ರದ ತರಗತಿ ಬೇರೆಯವರ ಪಾಲಾಗಿತ್ತು. ನಾವಿಬ್ಬರೂ ಬಾಯಿ ಬಿಡಲಿಲ್ಲ. ಹೇಳಲು ಎದ್ದು ನಿಂತ ದಿನವೂ ಒಂದಿತ್ತು. ನೀರು ಕುಡಿಯಲು ಅಪ್ಪಣೆ ಕೇಳಿ ಹೊರಬಂದೆ.

ಪ್ರೋಗ್ರಾಂ ಕ್ಯಾಸೆಟ್ಟಿಗೆ ಇಳಿಸಿರಲಿಲ್ಲ. ಪ್ಲಗ್ ಕಿತ್ತೊಡನೆ ಅವ್ವನ ಅಕ್ಷರಗಳೂ ಹೋದವು. ಗ್ರಾಫ್ ಹಾಳೆಯೊಂದು ಉಳಿಯಿತು. ಅಂದು ಸಂಜೆ ನಾನು ಮನೆ ಮುಟ್ಟುವಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

"ಟ ದುಂಡಗ ಬಂದಿತ್ತೇನೋ ತಮ್ಮಾ?"

"ಬಂದಿತ್ತವ್ವ."

"ನಿಮ್ಮ ಟೀಚರು ನೋಡಿ ನಕ್ಕರೇನು?"

ಹೂಂ ಎಂದೆ.