ಚಿಕ್ಕಪ್ಪನ ಕಾಲಿಗೆ ಶೇಕಡಾ ಇಪ್ಪತ್ತು

ಮೊನ್ನೆ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕು ಇಳಿಸಿದೆ. ಹುಡುಕುತ್ತಿದ್ದದ್ದು ಹಳೇ ಫೋಟೋಗಳನ್ನು, ಸಿಕ್ಕಿದ್ದು ಚಿಕ್ಕಪ್ಪನ 1986ರ ಆಕ್ಸಿಡೆಂಟ್ ಕೇಸಿನ ಫೈಲು. ಗೆದ್ದಲು ಅರ್ಧ ತಿಂದಿತ್ತು. ಉಳಿದರ್ಧ ಓದುತ್ತಾ ಕೂತವನಿಗೆ ಊಟಕ್ಕೆ ಕರೆದದ್ದೂ ಕೇಳಿಸಲಿಲ್ಲ.

ಕಥೆ ಇಷ್ಟೇ. ಚಿಕ್ಕಪ್ಪ ಟೈಲರ್. ಸ್ನೇಹಿತನ ರಾಜದೂತ್ ಬೈಕಿನ ಹಿಂದೆ ಕೂತು ಸಂತೆಗೆ ಹೊರಟಿದ್ದರು. ತಿರುವಿನಲ್ಲಿ ಎಮ್ಮೆ ಅಡ್ಡ ಬಂತು, ಇಬ್ಬರೂ ಬಿದ್ದರು. ಸ್ನೇಹಿತನಿಗೆ ತರಚು ಗಾಯ. ಚಿಕ್ಕಪ್ಪನ ಬಲಗಾಲಿನ ಹಿಮ್ಮಡಿಯ ಕೀಲು ಪುಡಿಯಾಯಿತು. ಆಗ ಅವರಿಗೆ 34 ವರ್ಷ. ಕಾಲು ಉಳಿಯಿತು, ಆದರೆ ಪಾದ ಮಡಚಲು ಬರುತ್ತಿರಲಿಲ್ಲ. ಡಾಕ್ಟರ ಸರ್ಟಿಫಿಕೇಟಿನಲ್ಲಿ 'ಶೇಕಡಾ 20 ಅಂಗವೈಕಲ್ಯ' ಎಂದಿದೆ. ತುಳಿಯುವ ಮಷಿನ್ ಇಟ್ಟುಕೊಂಡು ಬದುಕುವವನಿಗೆ ಪಾದ ಮಡಚದಿದ್ದರೆ ಅದು ಇಪ್ಪತ್ತೇ?

ಈ ಪರಿಹಾರದ ಕಾನೂನು ಎಲ್ಲಿಂದ ಬಂತು ಅಂತ ಹುಡುಕಿದೆ. ಬ್ರಿಟಿಷರ ಕಾಲದ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆ ಇದ್ದದ್ದು ಸತ್ತವರ ಮನೆಯವರಿಗೆ. ಬದುಕಿ ಉಳಿದವನು ಸಿವಿಲ್ ಕೋರ್ಟಿಗೆ ಹೋಗಿ, ಕೇಳುವ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಿ ದಾವೆ ಹೂಡಬೇಕಿತ್ತು. ಕಾಲು ಮುರಿದುಕೊಂಡು ಸಂಪಾದನೆ ನಿಂತವನು ಶುಲ್ಕ ಎಲ್ಲಿಂದ ತರಬೇಕೋ! 1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ಅದರ ಕಡ್ಡಾಯ ವಿಮೆಯ ಅಧ್ಯಾಯ ಜಾರಿಯಾದದ್ದು ಮಾತ್ರ 1946ರ ಜುಲೈ 1ಕ್ಕೆ. 1956ರ ತಿದ್ದುಪಡಿಯಲ್ಲಿ ಪ್ರತ್ಯೇಕ ಕ್ಲೇಮ್ಸ್ ಟ್ರಿಬ್ಯೂನಲ್‌ಗಳಿಗೆ ದಾರಿಯಾಯಿತು.

ಆದರೂ ಒಂದು ಮುಳ್ಳು ಉಳಿದೇ ಇತ್ತು. ಓಡಿಸಿದವನ ಅಜಾಗರೂಕತೆ ಸಾಬೀತಾಗಲೇಬೇಕು ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿಬಿಟ್ಟಿತ್ತು. 1982ರಲ್ಲಿ ಸಂಸತ್ತು ಇದನ್ನು ಸ್ವಲ್ಪ ಸಡಿಲಿಸಿತು: ತಪ್ಪು ಯಾರದೇ ಇರಲಿ, ಸತ್ತರೆ 15,000, ಶಾಶ್ವತ ಊನವಾದರೆ 7,500 ರೂಪಾಯಿ. ಅದಕ್ಕಿಂತ ಹೆಚ್ಚು ಬೇಕಿದ್ದರೆ ಮತ್ತೆ ತಪ್ಪು ತೋರಿಸಲೇಬೇಕು.

ಅಂದರೆ ಚಿಕ್ಕಪ್ಪ ಕಟಕಟೆ ಹತ್ತಿ 'ನನ್ನ ದೋಸ್ತ ಬೈಕನ್ನು ಅಡ್ಡಾದಿಡ್ಡಿ ಓಡಿಸಿದ' ಅನ್ನಬೇಕಿತ್ತು. ಪಾಪ, ಆ ಮನುಷ್ಯ 'ಹೇಳು ಮಾರಾಯ, ಇನ್ಶೂರೆನ್ಸಿನವರು ತಾನೇ ಕೊಡೋದು' ಅಂದಿದ್ದರಂತೆ. ಆದರೆ ವಿಮೆ ಕಂಪನಿಯ ತಕರಾರು ಬಂತು. ಪಾಲಿಸಿ ಕಾನೂನಿಗೆ ಬೇಕಾದಷ್ಟೇ ಮಾಡಿಸಿದ್ದು, ಬಾಡಿಗೆ ಕೊಡದೆ ಹಿಂದೆ ಕೂತವನು ಅದರೊಳಗೆ ಬರುವುದಿಲ್ಲ, ಕೊಡುವುದಿದ್ದರೆ ಮಾಲೀಕನೇ ಕೊಡಲಿ ಅಂತ. ಕಾನೂನಿನ ಪ್ರಕಾರ ಅವರ ಮಾತೇನೂ ಸುಳ್ಳಲ್ಲ. 1988ರ ಹೊಸ ಕಾಯ್ದೆ ಬಂದ ಮೇಲೂ, 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಪ್ಯಾಕೇಜ್ ಪಾಲಿಸಿ ಇದ್ದರೆ ಹಿಂದೆ ಕೂತವರಿಗೂ ರಕ್ಷಣೆ ಉಂಟು, ಬರೀ ಥರ್ಡ್ ಪಾರ್ಟಿ ಆದರೆ ಇಲ್ಲ. ನೀವು ದಿನಾ ಹೆಂಡತಿಯನ್ನೋ ಮಗನನ್ನೋ ಹಿಂದೆ ಕೂರಿಸಿಕೊಂಡು ಹೋಗುವವರಾದರೆ ಒಮ್ಮೆ ನಿಮ್ಮ ಪಾಲಿಸಿ ತೆಗೆದು ನೋಡಿ. 2018ರಿಂದ ಬಂದ 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಕೂಡ ಓಡಿಸುವ ಮಾಲೀಕನಿಗೆ, ಹಿಂದೆ ಕೂತವರಿಗಲ್ಲ.

ಶೇಕಡಾ ಇಪ್ಪತ್ತರ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2010ರ ಅಕ್ಟೋಬರಿನಲ್ಲಿ. ಸುಪ್ರೀಂ ಕೋರ್ಟಿನ ಆ ತೀರ್ಪು ಬರೆದವರು ಹಿಂದೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ಇದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಡಾಕ್ಟರ್ ಕೊಟ್ಟ ಶೇಕಡಾವಾರು ಒಂದು, ದುಡಿಮೆಗೆ ಬಿದ್ದ ಪೆಟ್ಟು ಇನ್ನೊಂದು ಅಂತ ಅದರಲ್ಲಿ ಬಿಡಿಸಿ ಹೇಳಿದ್ದಾರೆ. ಎಡಗೈ ಹೋದ ಡ್ರೈವರ್ ಅಥವಾ ಬಡಗಿಯ ಗತಿ ಬೇರೆ, ಎಡಗೈ ಹೋದ ಸರ್ಕಾರಿ ಗುಮಾಸ್ತನ ಗತಿ ಬೇರೆ ಎಂಬುದು ಅಲ್ಲಿನ ಉದಾಹರಣೆ. 2014ರಲ್ಲಿ ಕರ್ನಾಟಕದ್ದೇ ಒಬ್ಬ ತರಕಾರಿ ವ್ಯಾಪಾರಿಯ ಕೇಸಿನಲ್ಲಿ ಇದೇ ದಾರಿ ಹಿಡಿದರು. ಕಾಲು ಕಳೆದುಕೊಂಡವನು ಕೂತಲ್ಲೇ ಮಾರಬಹುದಲ್ಲ ಎಂದು ಬಿಡಲಿಲ್ಲ. ಸಗಟು ಮಾರುಕಟ್ಟೆಯಿಂದಲೋ ರೈತರಿಂದಲೋ ತರಕಾರಿ ತರುವುದಕ್ಕೆ ಓಡಾಡಲೇಬೇಕಲ್ಲ ಅಂತ ದುಡಿಮೆಯ ನಷ್ಟ ಶೇಕಡಾ 85 ಎಂದು ಹಿಡಿದರು.

ನಾನೂ ಒಂದು ಲೆಕ್ಕ ಹಾಕಿದೆ. ಫೈಲಿನಲ್ಲಿ ಚಿಕ್ಕಪ್ಪನ ತಿಂಗಳ ದುಡಿಮೆ 1,000 ರೂಪಾಯಿ ಎಂದಿದೆ. ವರ್ಷಕ್ಕೆ 12,000. 2009ರಲ್ಲಿ ಸುಪ್ರೀಂ ಕೋರ್ಟ್ ಗೊತ್ತು ಮಾಡಿದ ಪಟ್ಟಿಯಂತೆ 34ರ ವಯಸ್ಸಿಗೆ ಗುಣಕ 16. ಇಪ್ಪತ್ತು ಶೇಕಡಾಕ್ಕೆ 38,400 ಆಗುತ್ತದೆ. ಟೈಲರ್‌ನ ಕಾಲು ಅಂತ ಎಪ್ಪತ್ತು ಹಿಡಿದರೆ 1,34,400. ಆಸ್ಪತ್ರೆ ಖರ್ಚು, ನೋವಿನ ಬಾಬ್ತು ಬೇರೆ.

ಅರ್ಜಿ ಹಾಕಲು ಆಗ ಆರು ತಿಂಗಳ ಗಡುವಿತ್ತು. 1994ರಲ್ಲಿ ತೆಗೆದರು, 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು, 2022ರ ಏಪ್ರಿಲ್ 1ರಿಂದ ಜಾರಿ. ಗಾಯಾಳು ಆರು ತಿಂಗಳಲ್ಲಿ ಎದ್ದು ಓಡಾಡುತ್ತಾನೆ ಅಂತ ಯಾರು ಅಂದುಕೊಂಡರೋ ಕಾಣೆ. ಅದೇ ತಿದ್ದುಪಡಿ, ತಪ್ಪು ಯಾರದೆಂದು ತೋರಿಸದೆ ಸಿಗುವ ಪರಿಹಾರವನ್ನು ತೀವ್ರ ಗಾಯಕ್ಕೆ ಎರಡೂವರೆ ಲಕ್ಷಕ್ಕೆ ಏರಿಸಿದ್ದನ್ನೂ ಹೇಳಬೇಕು. ಗುದ್ದಿ ಓಡಿಹೋದ ವಾಹನದಿಂದ ತೀವ್ರ ಗಾಯವಾದರೆ 12,500 ಇದ್ದದ್ದು ಈಗ 50,000.

ಚಿಕ್ಕಪ್ಪನ ಫೈಲಿನ ಕೊನೆಯ ಹಾಳೆ, ಅರ್ಜಿ ವಾಪಸ್ ಪಡೆಯುತ್ತೇನೆ ಎಂಬ ಮೆಮೊ. 7,500 ಕೂಡ ಬೇಡ ಅಂದಿದ್ದಾರೆ, ಅದೂ ಸ್ನೇಹಿತನ ಜೇಬಿನಿಂದಲೇ ಬರಬೇಕಲ್ಲ. ಯಾಕೆ ಹಾಗೆ ಮಾಡಿದಿರಿ ಅಂತ ರಾತ್ರಿ ಕೇಳಿದೆ. 'ಎಮ್ಮೆ ಬಂದಿದ್ದು ನಾನೂ ನೋಡಿದ್ನಲ್ಲೋ' ಅಂದರು.

ಮರುವರ್ಷ ಆ ಸ್ನೇಹಿತರೇ ಹೊಲಿಗೆ ಮಷಿನ್‌ಗೆ ಕರೆಂಟ್ ಮೋಟಾರು ತಂದು ಜೋಡಿಸಿದ್ದರಂತೆ. ಎಡಗಾಲಲ್ಲಿ ಒತ್ತಿದರೆ ಸಾಕು. ಕರೆಂಟು ಹೋದರೆ ಮಾತ್ರ ಆ ದಿನ ಕೆಲಸವಿಲ್ಲ. ನಮ್ಮೂರಲ್ಲಿ ಆಗ ಕರೆಂಟು ಎಷ್ಟಿರುತ್ತಿತ್ತು ಅನ್ನೋದು ನಿಮಗೂ ಗೊತ್ತಲ್ಲ.