ಖೋಟಾ ನೋಟಿನ ಮೊಕದ್ದಮೆಗಳು (ಇಂಗ್ಲೆಂಡ್, 1797–1832)

1797ರಲ್ಲಿ, ಫ್ರಾನ್ಸಿನೊಡನೆ ಯುದ್ಧ ನಡೆಯುತ್ತಿದ್ದಾಗ, ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿ, ಒಂದು ಮತ್ತು ಎರಡು ಪೌಂಡಿನ ನೋಟುಗಳನ್ನು ಹೊರತಂದಿತು. ಹೆಚ್ಚಾಗಿ ಉಳ್ಳವರ, ವರ್ತಕರ ನಡುವೆ ಓಡಾಡುತ್ತಿದ್ದ ಕಾಗದ ಈಗ ಓದು ಬಾರದ ಕೂಲಿಕಾರರ ಕೈಗೂ ಬಂತು. ಕಪ್ಪು ಶಾಯಿಯಲ್ಲಿ ಒಂದೇ ಬದಿಗೆ ಅಚ್ಚಾಗುತ್ತಿದ್ದ ಆ ಸಾದಾ ನೋಟನ್ನು ನಕಲು ಮಾಡಲು ತಾಮ್ರದ ತಗಡು ಕೊರೆಯಬಲ್ಲವನೊಬ್ಬ ಸಾಕಾಗಿತ್ತು. ಖೋಟಾ ನೋಟು ತಯಾರಿಸಿದವರಿಗೂ, ಖೋಟಾ ಎಂದು ತಿಳಿದೇ ಚಲಾಯಿಸಿದವರಿಗೂ ಗಲ್ಲುಶಿಕ್ಷೆಯಿತ್ತು. 1821ರವರೆಗಿನ ಅವಧಿಯಲ್ಲಿ 300ಕ್ಕೂ ಹೆಚ್ಚು ಜನ ಗಲ್ಲಿಗೇರಿದರು. ಸಿಕ್ಕಿಬಿದ್ದವರಲ್ಲಿ ತಯಾರಕರು ವಿರಳ. ಬಹುಪಾಲು ಅಂಗಡಿಯಲ್ಲಿ ನೋಟು ಮುರಿಸಲು ಹೋದ ಬಡವರು, ಅವರಲ್ಲಿ ಹೆಂಗಸರೂ ಅನೇಕ.

ಈ ಮೊಕದ್ದಮೆಗಳ ನಿಜವಾದ ಶಕ್ತಿ ನೇಣಿನಲ್ಲಿರಲಿಲ್ಲ, ನೇಣು ಯಾರಿಗೆ ಎಂದು ಆರಿಸುವ ಅಧಿಕಾರದಲ್ಲಿತ್ತು. ಆಗ ಸರ್ಕಾರದ ಪರವಾಗಿ ದಾವೆ ನಡೆಸುವ ಇಲಾಖೆ ಇರಲಿಲ್ಲ. ಬ್ಯಾಂಕೇ ತನ್ನ ವಕೀಲರ ಮೂಲಕ, ತನ್ನ ಖರ್ಚಿನಲ್ಲಿ ಮೊಕದ್ದಮೆ ಹೂಡುತ್ತಿತ್ತು. ತಿಳಿದೂ ಖೋಟಾ ನೋಟು ಇಟ್ಟುಕೊಳ್ಳುವುದಕ್ಕೆ 14 ವರ್ಷಗಳ ಗಡೀಪಾರು ಎಂದು 1801ರ ಕಾಯ್ದೆ ವಿಧಿಸಿತು. ಅಲ್ಲಿಂದ ಬ್ಯಾಂಕು ಒಬ್ಬನ ಮೇಲೆಯೇ ಎರಡೂ ಆರೋಪ ಹೊರಿಸಿ, ಚಿಕ್ಕದನ್ನು ಒಪ್ಪಿಕೊಂಡರೆ ದೊಡ್ಡದನ್ನು ಕೈಬಿಡುತ್ತಿತ್ತು. ಇದು ದಯೆಯಲ್ಲವೇ ಎಂದು ಕೇಳಬಹುದು. ನೂರಾರು ಜೀವ ಉಳಿದದ್ದು ದಿಟ. ಆಸ್ಟ್ರೇಲಿಯಕ್ಕೆ ಹಡಗು ಹತ್ತಿದ ಹೆಂಗಸರಿಗೆ ಬ್ಯಾಂಕು ಹಣಸಹಾಯ ಮಾಡಿದ್ದೂ ಉಂಟು. ಆದರೆ ಸಾವನ್ನು ಎದುರಿಗಿಟ್ಟು ಪಡೆದ ತಪ್ಪೊಪ್ಪಿಗೆಯಲ್ಲಿ ಸಾಕ್ಷ್ಯದ ಪರೀಕ್ಷೆಯೇ ನಡೆಯುವುದಿಲ್ಲ. ನಷ್ಟಕ್ಕೊಳಗಾದ ಸಂಸ್ಥೆಯೇ ಯಾರು ಬದುಕಬೇಕೆಂದು ನಿರ್ಧರಿಸುವುದನ್ನು ನ್ಯಾಯ ಎನ್ನಲಾಗದು.

ಸಾಕ್ಷ್ಯದ ಕೊರತೆ ಬಯಲಾದದ್ದು 1818ರಲ್ಲಿ. ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯದಲ್ಲಿ ಬ್ಯಾಂಕಿನ ಪರೀಕ್ಷಕರು ನೋಟು ಖೋಟಾ ಎಂದು ಪ್ರಮಾಣ ಮಾಡಿದರು. ಹೇಗೆ ಗುರುತಿಸಿದಿರಿ ಎಂದರೆ ಬಾಯಿ ಬಿಡಲಿಲ್ಲ. ಗುಟ್ಟಿನ ಗುರುತುಗಳನ್ನು ಬಹಿರಂಗಪಡಿಸಿದರೆ ಖೋಟಾಗಾರರಿಗೇ ಪಾಠ ಹೇಳಿದಂತಾಗುತ್ತದೆ ಎಂಬ ಬ್ಯಾಂಕಿನ ಅಂಜಿಕೆ ಸುಳ್ಳಲ್ಲ. ಆದರೂ ಪರೀಕ್ಷಕರಿಗೆ ಮಾತ್ರ ಕಾಣುವ ವ್ಯತ್ಯಾಸವನ್ನು ಅಂಗಡಿಗೆ ಬಂದ ಹೆಂಗಸು ತಿಳಿದಿದ್ದಳೆಂದು ಹೇಳುವುದು ಹೇಗೆ? ಹಲವು ಪ್ರಕರಣಗಳಲ್ಲಿ ಜ್ಯೂರಿ ಆರೋಪಿಗಳನ್ನು ಬಿಡುಗಡೆ ಮಾಡಿತು. 1819ರ ಜನವರಿಯಲ್ಲಿ ವ್ಯಂಗ್ಯಚಿತ್ರಕಾರ ಜಾರ್ಜ್ ಕ್ರೂಕ್‌ಶ್ಯಾಂಕ್ ನೇಣಿಗೆ ಜೋತುಬಿದ್ದ ದೇಹಗಳ ಸಾಲನ್ನೇ ನೋಟಿನ ರೂಪದಲ್ಲಿ ಬರೆದ.

ಕಠಿಣ ಶಿಕ್ಷೆಯೇ ನೋಟನ್ನು ಕಾಪಾಡಿತು ಎನ್ನುವವರಿಗೆ 1821 ಉತ್ತರ ಕೊಡುತ್ತದೆ: ಚಿನ್ನದ ಪಾವತಿ ಮರಳಿ, ಸಣ್ಣ ನೋಟುಗಳು ಹಿಂದೆ ಸರಿದಾಗ ಮೊಕದ್ದಮೆಗಳೂ ಕುಸಿದವು. 1830ರಲ್ಲಿ ಹಲವು ಊರುಗಳ ಬ್ಯಾಂಕರುಗಳೇ ಈ ಅಪರಾಧಕ್ಕೆ ಗಲ್ಲು ಬೇಡವೆಂದು ಪಾರ್ಲಿಮೆಂಟಿಗೆ ಮನವಿ ಸಲ್ಲಿಸಿದರು. ನೇಣಿಗೆ ಅಂಜಿ ಜನ ದೂರು ಕೊಡಲೂ ಹಿಂಜರಿಯುತ್ತಿದ್ದರಿಂದ ಕಾನೂನೇ ತಮ್ಮ ರಕ್ಷಣೆಗೆ ಅಡ್ಡಿಯಾಗಿದೆ ಎಂಬುದು ಅವರ ವಾದ. 1832ರಲ್ಲಿ ನೋಟು ಖೋಟಾಕ್ಕಿದ್ದ ಮರಣದಂಡನೆ ರದ್ದಾಯಿತು; ಉಯಿಲು ಮುಂತಾದ ಪತ್ರಗಳ ನಕಲಿಗೆ ಅದು 1837ರವರೆಗೂ ಉಳಿಯಿತು.