ಕುಡಿತ ಬಿಟ್ಟ ಮೇಲಷ್ಟೇ ಮನಸ್ಸಿನ ಗಾಯಕ್ಕೆ ಚಿಕಿತ್ಸೆಯೇ?

ನಂಬಿಕೆ: ಮೊದಲು ಕುಡಿತ ಬಿಡಲಿ, ಹಳೇ ನೋವಿನ ವಿಚಾರ ಆಮೇಲೆ ನೋಡೋಣ.

ನಿಜ: ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಕೊಡಬಹುದು. ನೋವನ್ನು ಹಾಗೇ ಬಿಟ್ಟರೆ ಅದೇ ಮತ್ತೆ ಬಾಟಲಿಯತ್ತ ತಳ್ಳಬಹುದು.

ಹೆದ್ದಾರಿ ಹಾದುಹೋಗುವ ಹಿರಿಯೂರಿನಂಥ ಊರಲ್ಲಿ ಒಬ್ಬ ಲಾರಿ ಚಾಲಕನನ್ನು ಊಹಿಸಿಕೊಳ್ಳಿ. ಅಪಘಾತದಲ್ಲಿ ಅವನು ಬದುಕುಳಿದ, ಜೊತೆಗಿದ್ದ ಕ್ಲೀನರ್ ಕಣ್ಣೆದುರೇ ಸತ್ತ. ರಾತ್ರಿ ಕಣ್ಣು ಮುಚ್ಚಿದರೆ ಅದೇ ದೃಶ್ಯ. ಒಂದು ಕ್ವಾರ್ಟರ್ ಕುಡಿದರೆ ನಿದ್ದೆ ಬರುತ್ತದೆ. ಅವನಿಗೆ ಕುಡಿತ ಮೋಜಲ್ಲ, ತಾನೇ ಕಂಡುಕೊಂಡ ಔಷಧಿ.

ಮಿದುಳಿನಲ್ಲಿ ಏನಾಗುತ್ತದೆ?

ಅಪಾಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಭಾಗ ಆಘಾತದ ನಂತರ ಸಣ್ಣ ಸದ್ದಿಗೂ ಬೆಚ್ಚುವಂತಾಗಬಹುದು. ಮದ್ಯವು ಗಾಬಾ ಎಂಬ ರಾಸಾಯನಿಕದ ಪರಿಣಾಮ ಹೆಚ್ಚಿಸಿ ಅದನ್ನು ತಣ್ಣಗಾಗಿಸುತ್ತದೆ. ದಿನವೂ ಕುಡಿದರೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಕುಡಿತ ನಿಲ್ಲಿಸಿದಾಗ ಕಳವಳ, ಕೆಟ್ಟ ಕನಸು ಇನ್ನೂ ಜೋರಾಗಿ ಮರಳಬಹುದು. ಮನೆಯವರು ಇದನ್ನು ‘ಮನಸ್ಸು ಗಟ್ಟಿ ಇಲ್ಲ’ ಅಂದುಕೊಳ್ಳುತ್ತಾರೆ.

ಅಧ್ಯಯನಗಳು ಏನನ್ನುತ್ತವೆ?

ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ಮನೆಯೊಳಗಿನ ಹಿಂಸೆಯಂಥ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಮದ್ಯ ಮತ್ತು ಮಾದಕವಸ್ತುಗಳ ವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚು. ಹಾಗೆಂದು ಆಘಾತ ಕಂಡವರೆಲ್ಲ ವ್ಯಸನಿಗಳಾಗುವುದಿಲ್ಲ. ವಂಶವಾಹಿ, ಸಹವಾಸ, ಮನೆಯ ಆಸರೆಯೂ ಲೆಕ್ಕಕ್ಕೆ ಬರುತ್ತವೆ.

ಹಳೆಯದನ್ನು ಕೆದಕಿದರೆ ಕುಡಿತ ಹೆಚ್ಚುತ್ತದೆ ಎಂಬ ಭಯವೂ ಇದೆ. ಆಸ್ಟ್ರೇಲಿಯಾದಲ್ಲಿ 103 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಪಡೆದವರಲ್ಲಿ ಆಘಾತದ ಲಕ್ಷಣಗಳು ಹೆಚ್ಚು ಇಳಿದವು, ವ್ಯಸನ ಉಲ್ಬಣಿಸಲಿಲ್ಲ.

ಏನು ಮಾಡಬೇಕು?

ನಮ್ಮ ರಾಜ್ಯದ ಊರೂರುಗಳಲ್ಲಿ ಧರ್ಮಸ್ಥಳದ ವತಿಯಿಂದ ಮದ್ಯವರ್ಜನ ಶಿಬಿರಗಳು ನಡೆಯುತ್ತವೆ. ಕುಡಿತ ಬಿಟ್ಟವರು ನವಜೀವನ ಸಮಿತಿಗಳಲ್ಲಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಇದರ ಜೊತೆಗೆ, ನಿದ್ದೆಗೆಡುವವರಿಗೆ, ಬೆಚ್ಚಿ ಏಳುವವರಿಗೆ ಮನೋವೈದ್ಯರ ನೆರವೂ ಬೇಕು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯಿದೆ. ಯಾವ ಮಂಗಳವಾರ ಎಂದು ಕೇಳಿಕೊಂಡು ಹೋಗಿ. ಟೆಲಿ ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಎರಡು ಎಚ್ಚರಿಕೆ. ದಿನವೂ ಹೆಚ್ಚು ಕುಡಿಯುವವರು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು; ಫಿಟ್ಸ್ ಬಂದು ಪ್ರಾಣಕ್ಕೂ ಅಪಾಯವಾಗಬಹುದು. ಹಾಗೆಯೇ ‘ಏನಾಯ್ತು ಹೇಳು’ ಎಂದು ಮನೆಯಲ್ಲಿ ಒತ್ತಾಯಿಸಬೇಡಿ. ಹೇಳಿದ ದಿನ ಬೈಯದೆ ಕೇಳಿಸಿಕೊಳ್ಳಿ.